ಪಕ್ಷದಲ್ಲಿ ಬಂದ ಲ್ಯಾಪ್‌ಟಾಪು

ನಮ್ಮ ಮನೆಯ ಲ್ಯಾಪ್‌ಟಾಪಿನ ಗುಂಡಿಗಳ ಸಂದಿಯಲ್ಲಿ ಕುಂಕುಮ ಕೂತಿದೆ. ಮೊಮ್ಮಗಳು ಕಡ್ಡಿಗೆ ಹತ್ತಿ ಸುತ್ತಿ ಎಷ್ಟು ತಿಕ್ಕಿದರೂ ಹೋಗಿಲ್ಲ. ಹಚ್ಚಿದವಳು ನಾನು. ಆದದ್ದನ್ನು ಕೇಳಿದವರು "ಹಣೇಬರಹ" ಅಂದು ಎದ್ದು ಹೋಗುತ್ತಾರೆ. ಹಣೆಬರಹ ಅಲ್ಲ. ಯಾರು ಏನು ಹೇಳಿದರು, ಯಾರು ಕೇಳಲಿಲ್ಲ ಅನ್ನುವುದು ನನಗೆ ಗೊತ್ತಿದೆ.

ನಮ್ಮದು ಬ್ಯಾಡಗಿ, ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿ. ಹೊಸಬರು ರೈಲಿನಿಂದ ಇಳಿದರೆ ಮೊದಲು ಸೀನುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಆ ಘಾಟು ಏನೂ ಮಾಡುವುದಿಲ್ಲ ಎಂದು ನಾನು ತಿಳಿದಿದ್ದೆ. ಮೂವತ್ತು ವರ್ಷ ಪೇಟೆಯಲ್ಲಿ ಕೂತು ಕಾಯಿಯ ತುಂಬು ಬಿಡಿಸಿದ್ದೇನೆ. ತುಂಬು ಅಂದರೆ ತೊಟ್ಟು. ಮೊಣಕಾಲು ಹೋದವೇ ಹೊರತು ನನ್ನ ಎದೆಗೆ ಏನೂ ಆಗಲಿಲ್ಲ. ನನ್ನ ಸೊಸೆಗೆ ಆಯಿತು. ಅವಳು ಹಲಗೇರಿಯ ಕಡೆಯವಳು, ಹೊಲದ ಗಾಳಿ ಕುಡಿದು ಬೆಳೆದವಳು.

ಮಗ ಸತ್ತಾಗ ಮೊಮ್ಮಗಳು ಎರಡನೇ ಇಯತ್ತೆಯಲ್ಲಿದ್ದಳು. ಸೊಸೆ ತವರಿಗೆ ಹೋಗಲಿಲ್ಲ. ದಿನಕರ್ಮ ಮುಗಿದ ಮಾರನೇ ವಾರವೇ ನನ್ನ ಹಿಂದೆ ಪೇಟೆಗೆ ಬಂದು ಕಾಯಿಯ ಗುಂಪಿಯ ಮುಂದೆ ಕೂತಳು. ಅಲ್ಲಿಂದ ಹನ್ನೆರಡು ವರ್ಷ ಕೂತಳು. ಕಡೆಯ ನಾಲ್ಕು ವರ್ಷ ಕೆಮ್ಮುತ್ತ ಕೂತಳು.

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರು ಎದೆಯ ಫೋಟೋ ನೋಡಿ ಹೇಳಿದರು: "ಔಷಧ ನಾ ಕೊಡ್ತೇನಿ. ಮೆಣಸಿನಕಾಯಿ ನೀವ ಬಿಡಬೇಕು."

ಸೊಸೆ ನಕ್ಕಳು. "ಬ್ಯಾಡಗ್ಯಾಗ ಇದ್ದು ಮೆಣಸಿನಕಾಯಿ ಬಿಡೂದಂದ್ರ ಹೊಳ್ಯಾಗ ಇದ್ದು ನೀರ ಬಿಟ್ಟಂಗ್ರಿ."

"ನಗೂ ಮಾತಲ್ಲ ಇದು," ಅಂದರು ಅವರು. "ಇನ್ನೊಂದೆರಡ ಸುಗ್ಗಿ ಹಿಂಗ ಕುಂತ್ರ ಎದಿ ಕೈ ಕೊಡ್ತದ."

ಅವಳು ಮನೆಗೆ ಬಂದು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, ಕಂಪ್ಯೂಟರ್ ಕಲಿಯುತ್ತೇನೆ ಅಂದಳು. ಹತ್ತನೆಯದು ಪಾಸಾಗಿದ್ದಳು. ನಾನು ಮೂರನೆಯದಕ್ಕೆ ಬಿಟ್ಟವಳು, ನಾನೇನು ಹೇಳಲಿ. ಕಲಿ ಅಂದೆ.

ರಾಣೆಬೆನ್ನೂರಿನ ಕ್ಲಾಸಿಗೆ ಆರು ತಿಂಗಳು ಹೋದಳು. ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂತು ಕನ್ನಡ ಟೈಪಿಂಗು, ಬಿಲ್ ಮಾಡುವುದು, ಎಲ್ಲ ಕಲಿತಳು. ಮನೆಯಲ್ಲಿ ರೂಢಿ ಮಾಡಲು ಕಂಪ್ಯೂಟರ್ ಇರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ನಿನಿಂದ ಗುಂಡಿಗಳ ಚಿತ್ರ ಬರೆದು, ಅದರ ಮೇಲೆ ಬೆರಳು ಓಡಿಸುತ್ತಿದ್ದಳು. ಕಾಯಿಯ ಖಾರಕ್ಕೆ ಉಗುರಿನ ಸುತ್ತ ಚರ್ಮ ಸುಲಿದಿರುತ್ತಿತ್ತು, ಆದರೂ ಬೆರಳು ಲಗೂ ಲಗೂ ಓಡುತ್ತಿದ್ದವು. ಒಮ್ಮೆ ಕೇಳಿದೆ:

"ಏನ ಬರದಿ?"

"ನಿಮ್ಮ ಹೆಸರ ಬರದೇನ್ರಿ ಅತ್ತಿ."

"ಎಲ್ಲೈತಿ?"

"ಹಾಳ್ಯಾಗ ಐತಿ, ಕಾಣಂಗಿಲ್ಲ. ನಂಬ್ರಿ."

ಅವಳು ತುಂಬು ಬಿಡಿಸುತ್ತಿದ್ದ ಅಂಗಡಿಯ ಸಾಹುಕಾರರಿಗೆ ರೈತರ ಪಟ್ಟಿ ಬರೆಯುವವರು ಬೇಕಾಗಿದ್ದರು. ರೈತ ಎಷ್ಟು ಚೀಲ ತಂದ, ಯಾವ ದರಕ್ಕೆ ಹೋಯಿತು ಎಂದು ಬರೆದುಕೊಡುವ ಚೀಟಿ ಅದು. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗಬೇಕು. ಅಂಗಡಿಯಲ್ಲಿ ಕೂತರೆ ಮತ್ತೆ ಅದೇ ಘಾಟು. ಸೊಸೆ ಅದನ್ನು ನಾಚಿಕೆ ಬಿಟ್ಟು ಹೇಳಿದಳು. ಸಾಹುಕಾರರು ಒಳ್ಳೆಯವರು, ವ್ಯಾಪಾರಸ್ಥರು ಎಷ್ಟು ಒಳ್ಳೆಯವರಾಗಬಹುದೋ ಅಷ್ಟು.

"ನೀವು ತುಂಬು ಬಿಡಿಸಿದ್ರ ಒಂದ ಬೀಜಾ ಚೆಲ್ಲಂಗಿಲ್ಲ," ಅಂದರು. "ಪಟ್ಟೀನೂ ಹಂಗ ಬರೀತೀರಿ ಬಿಡ್ರಿ. ಮನ್ಯಾಗ ಕುಂತ ಮಾಡ್ರಿ, ಮೊಬೈಲ್‌ನ್ಯಾಗ ಕಳಸ್ರಿ. ಆದ್ರ ಕಂಪ್ಯೂಟರ್ ನಿಮ್ಮದ ಇರಬೇಕು. ದೀಪಾವಳಿ ಪಾಡ್ಯಕ್ಕ ನಮ್ಮ ಹೊಸಾ ಖಾತೆ ಚಾಲೂ ಆಗ್ತದ. ಅದರೊಳಗ ತರ್ರಿ. ಆಮ್ಯಾಲ ನಾ ಕಾಯಾಕ ಬರಂಗಿಲ್ಲ."

ಅಷ್ಟೇ. ಪಾಡ್ಯದೊಳಗೆ ಒಂದು ಯಂತ್ರ ಮನೆಗೆ ಬಂದರೆ ಅವಳು ಪೇಟೆಯಿಂದ ಬಿಡುಗಡೆ.

ಕಿವಿಯ ಬೆಂಡೋಲೆ ಮಾರಿದಳು. ದಸರೆಯ ಮುಂಚೆ ಮೊಬೈಲಿನೊಳಗಿನ ಆನ್‌ಲೈನ್ ಅಂಗಡಿಗಳಲ್ಲಿ ಸೋವಿಗೆ ಸಿಗುತ್ತದೆ ಎಂದು ಮೊಮ್ಮಗಳು ಹುಡುಕಲು ಕೂತಳು. ನನಗೆ ಮೊದಲಿಂದಲೇ ಅದು ಮನಸ್ಸಿಗೆ ಬರಲಿಲ್ಲ.

"ಮುಟ್ಟಿ ನೋಡಲಾರದ ನಾ ಒಂದ ಬದನಿಕಾಯಿ ಸೈತ ತಗೊಂಡಾಕಿ ಅಲ್ಲ," ಅಂದೆ.

"ಅಜ್ಜೀ, ಹುಳಕ ಬದನಿಕಾಯಿ ಹೊಳ್ಳಿ ಒಯ್ದು ಕೊಟ್ರ ಸಂತ್ಯಾಗ ತಗೋತಾರೇನು? ಇವರು ತಗೋತಾರ. ಬಂದ ಹತ್ತ ದಿನದಾಗ ಹೇಳಬೇಕಷ್ಟ. ಮನೀಗೇ ಬಂದು ಒಯ್ತಾರ, ಬ್ಯಾರೇದ ಕೊಡ್ತಾರ. ಮತ್ತ ಇದಕ್ಕ ನಾಕ ಚಿಕ್ಕಿ, ಅಂದ್ರ ನಾಕ ಸ್ಟಾರ್ ಕೊಟ್ಟಾರ ನೋಡು."

"ಚಿಕ್ಕಿ ಯಾರ ಕೊಟ್ರು?"

"ತಗೊಂಡವರು."

"ಅವರ ಗುರ್ತ ಐತೇನ ನಮಗ?"

"ಬದನಿಕಾಯಿ ಮಾರಾಕಿ ಗುರ್ತ ಐತಲ್ಲ, ಆಕಿ ಏನ ಚಲೋದ ಕೊಡ್ತಾಳ?" ಅಂದಳು ಸೊಸೆ. ಮೂವರೂ ನಕ್ಕೆವು. ಹತ್ತು ದಿನ ಎಂಬ ಮಾತನ್ನು ನಾನು ಈ ಕಿವಿಯಿಂದಲೇ ಕೇಳಿದೆ. ಗೊತ್ತಿರಲಿಲ್ಲ ಅನ್ನಲು ನನಗೆ ಬಾಯಿಲ್ಲ.

ಡಬ್ಬಿ ಬಂದದ್ದು ಪಕ್ಷದ ಆರನೇ ದಿನ. ಹಿರಿಯರಿಗೆ ಎಡೆ ಹಿಡಿಯುವ ಹದಿನೈದು ದಿನ ನಮ್ಮಲ್ಲಿ ಹೊಸದನ್ನು ಮನೆಗೆ ತರುವುದಿಲ್ಲ, ಬಿಚ್ಚುವುದಿಲ್ಲ, ಶುರು ಮಾಡುವುದಿಲ್ಲ. ಹುಡುಗಿ ಆರ್ಡರ್ ಮಾಡಿದ್ದು ಅದಕ್ಕೂ ಮೊದಲು. ಯಾವತ್ತು ಬರುತ್ತದೆ ಎಂಬುದು ನಮ್ಮ ಕೈಯಲ್ಲಿರಲಿಲ್ಲ.

ಬೈಕಿನಲ್ಲಿ ಬಂದವನು ಮೊಬೈಲಿಗೆ ಬಂದ ನಂಬರು ಕೇಳಿಕೊಂಡು ಡಬ್ಬಿಯನ್ನು ನನ್ನ ಕೈಗೇ ಕೊಟ್ಟ. ಆಗ ತಾನೇ ಹುಟ್ಟಿದ ಕೂಸಿನಷ್ಟು ಭಾರವಿತ್ತು. ಒಂದು ಮೂಲೆ ಒಳಗೆ ತಗ್ಗಿತ್ತು. ಅದನ್ನು ನಾನು ನೋಡಿದೆ. ಅವನೂ ನೋಡಿದ.

"ಅಮ್ಮಾರ, ಬಿಚ್ಚಿ ನೋಡ್ಕೋರಿ. ಬಿಚ್ಚೂ ಮುಂದ ವಿಡಿಯೋ ಮಾಡ್ಕೋರಿ."

"ಈಗ ಬಿಚ್ಚಂಗಿಲ್ಲಪಾ. ಪಕ್ಷ ಐತಿ."

"ನಿಮ್ಮ ಮರ್ಜಿ," ಅಂದು ಗಾಡಿ ತಿರುಗಿಸಿದ.

ಸೊಸೆ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಡಬ್ಬಿಯನ್ನು ಎದೆಗೆ ಆನಿಸಿಕೊಂಡಳು. ಕೂಡಲೇ ನನ್ನ ಮುಖ ನೋಡಿದಳು. ನಾನು ದೇವರ ಜಗಲಿ ತೋರಿಸಿದೆ.

"ಅಮಾಸಿ ಮುಗೀಲಿ," ಅಂದೆ.

"ಅಜ್ಜೀ, ಹತ್ತ ದಿನ ಅಷ್ಟ ಐತಿ," ಅಂದಳು ಮೊಮ್ಮಗಳು.

"ಅಂಗಡಿಯವನ ಹತ್ತ ದಿನಾ ನೋಡಿ ನಮ್ಮ ಹಿರೇರು ಸುಮ್ಮನಿರ್ತಾರೇನು?"

ಈ ಮಾತು ಒರಟಾಗಿತ್ತು. ಆದರೆ ಅದರ ಹಿಂದೆ ಇದ್ದದ್ದು ಅಂಜಿಕೆ. ನನ್ನ ಮಗ ಹಳೆಯ ಮೋಟರ್‌ಸೈಕಲ್ ತಂದದ್ದು ಪಕ್ಷದಲ್ಲಿಯೇ. ಬೇಡ ಅಂದಿದ್ದೆ. "ಗಾಡಿಗೇನ ಪಂಚಾಂಗ ಗೊತ್ತೈತೇನಬೇ ಅವ್ವಾ?" ಅಂದು ನಕ್ಕಿದ್ದ. ದೀಪಾವಳಿ ನೋಡಲಿಲ್ಲ ಅವನು. ಹೈವೇಯಲ್ಲಿ ಲಾರಿಗೆ ಸಿಕ್ಕ. ಅಂದಿನಿಂದ ಪಕ್ಷದಲ್ಲಿ ನಮ್ಮ ಮನೆಗೆ ಹೊಸ ಸೌಟು ಕೂಡ ಬಂದಿಲ್ಲ. ಸೊಸೆಗೂ ಅದು ಗೊತ್ತಿತ್ತು. ಅದಕ್ಕೇ ಅವಳು ನನ್ನ ಎದುರು ಮಾತಾಡಲಿಲ್ಲ. ಒಂದೇ ಒಂದು ಸಲ, ಎರಡು ದಿನ ಬಿಟ್ಟು, ಡಬ್ಬಿಯ ಮೇಲಿನ ಧೂಳು ಒರೆಸುತ್ತ ಕೇಳಿದಳು:

"ಅತ್ತೀ, ಬರೇ ಮ್ಯಾಲಿನ ಹಾಳಿ ಬಿಚ್ಚಿ ನೋಡೂನೇನ್ರಿ? ಚಾಲೂ ಮಾಡೂದ ಬ್ಯಾಡ."

"ಮದುಮಗನ ಮಾರಿ ನೋಡಾಕತ್ತಿಯೇನು? ಎಲ್ಲಿಗೂ ಓಡಿ ಹೋಗಂಗಿಲ್ಲ ಅದು."

ಅವಳು ನಕ್ಕಳು. ಕ್ಯಾಲೆಂಡರಿನ ಹಾಳೆ ತಂದು ಜಗಲಿಯ ಮುಂದೆ ಹಾಸಿ, ಮುಚ್ಚಿದ ಡಬ್ಬಿಯ ಎದುರಿಗೆ ಕೂತು ಬೆರಳು ಓಡಿಸಿದಳು. ಸಂಜೆಯ ಪಾತ್ರೆ ತಿಕ್ಕುವತನಕ ಕೂತಿದ್ದಳು.

ಅಮಾವಾಸ್ಯೆ ಕಳೆಯಿತು. ಮಾರನೇ ದಿನ ನವರಾತ್ರಿಯ ಘಟ್ಟ ಹಾಕಿದೆವು. ಮೊಮ್ಮಗಳು ಹಾವೇರಿಗೆ ಕಾಲೇಜಿಗೆ ಹೊರಟವಳು ಚಪ್ಪಲಿ ಮೆಟ್ಟಿ ನಿಂತು ಹೇಳಿದಳು:

"ಅಜ್ಜೀ, ಇವತ್ತಿಗೆ ಹತ್ತ ದಿನ ಆತು, ಇವತ್ತ ಕಡೀ ದಿನ. ಪಕ್ಷ ಮುಗದೈತಿ. ಬಿಚ್ಚೂನು."

ಇಲ್ಲಿ ನಾನು ಹೂಂ ಅನ್ನಬಹುದಾಗಿತ್ತು. ಅಂಜಿಕೆಗೆ ಕಾರಣ ಉಳಿದಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಬೇರೆ ಹೊಕ್ಕಿತ್ತು. ದುಡಿಯುವ ಸಾಮಾನು ಅಂದ ಮೇಲೆ ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಹೊಲಿಗೆಯಂತ್ರದ ಜೊತೆ ಅದಕ್ಕೂ ಪೂಜೆಯಾಗಿ ಶುರುವಾಗಲಿ. ಓಣಿಯವರೂ ನೋಡಲಿ, ಈ ಮನೆಗೂ ಒಂದು ಯಂತ್ರ ಬಂದಿದೆ ಎಂದು. ಮೊದಲು ಕಾದದ್ದು ಅಂಜಿಕೆಗೆ. ಎರಡನೇ ಸಲ ಕಾದದ್ದು ಸೊಕ್ಕಿಗೆ.

"ಇಷ್ಟ ತಡದೇವಿ, ಇನ್ನೆಂಟ ದಿನ ತಡೀರಿ," ಅಂದೆ.

"ಕೆಟ್ಟಿದ್ರ ಹೊಳ್ಳಿ ತಗೋಳಂಗಿಲ್ಲ ಅಜ್ಜೀ."

"ಹೊಸಾದು ಯಾಕ ಕೆಡತೈತಿ? ಬಾಯಾಗ ಶುಭ ನುಡೀ."

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ "ಅತ್ತಿ ಹೇಳಿದಂಗ ಆಗಲಿ ಬಿಡವಾ, ಬಸ್ ತಪ್ಪತೈತಿ" ಅಂದಳು.

ಖಂಡೇಪೂಜೆಯ ದಿನ ಮುಂಜಾನೆ ಡಬ್ಬಿ ಬಿಚ್ಚಿದೆವು. ಓಣಿಯ ನಾಲ್ಕು ಹೆಂಗಸರನ್ನು ನಾನೇ ಕರೆದಿದ್ದೆ. ಬೂದಿ ಬಣ್ಣದ ಯಂತ್ರ, ಗೋಧಿ ಹಿಟ್ಟಿನಂಥ ನುಣುಪು. ಮುಚ್ಚಳ ತೆರೆದು, ಗುಂಡಿಗಳ ಮೇಲೆ ಅರಿಷಿಣ ಕುಂಕುಮ ಹಾಕಿ, ಚೆಂಡು ಹೂವು ಇಟ್ಟು, ಕಾಯಿ ಒಡೆದೆ. ಊದಿನಕಡ್ಡಿ ಬೆಳಗಿದೆ. ಸೊಸೆ ಹಸಿರು ಸೀರೆ ಉಟ್ಟಿದ್ದಳು.

"ಒತ್ತು," ಅಂದೆ.

ಒತ್ತಿದಳು. ಪಕ್ಕದಲ್ಲಿ ಸಣ್ಣ ದೀಪ ಹತ್ತಿತು. ಒಳಗೆ ಗಾಳಿ ತಿರುಗಿದ ಸದ್ದು ಬಂತು. ಆಮೇಲೆ ಪರದೆಯ ಮೇಲೆ, ಆ ತಗ್ಗಿದ ಮೂಲೆಯ ಕಡೆಯಿಂದ, ಬಿರುಕು ಬಿಟ್ಟ ಗಡಿಗೆಯ ಹಾಗೆ ಬಿಳಿ ಗೆರೆಗಳು ಎದ್ದವು. ಉಳಿದದ್ದೆಲ್ಲ ಕಪ್ಪು.

"ಹಿಂಗ ಬರ್ತದೇನ ಮೊದಲ?" ಎಂದು ಒಬ್ಬಳು ಕೇಳಿದಳು. ಕೊಬ್ಬರಿ ಸಕ್ಕರೆ ತೆಗೆದುಕೊಂಡು ಒಬ್ಬೊಬ್ಬರೇ ಹೋದರು.

ಮೊಮ್ಮಗಳು ಕಂಪನಿಗೆ ಫೋನು ಹಚ್ಚಿದಳು. ಆ ಕಡೆಯ ಹೆಣ್ಣುಮಗಳು ಬೆಂಗಳೂರು ಕನ್ನಡದಲ್ಲಿ ಮೆತ್ತಗೆ ಮಾತಾಡಿದಳು. ಹಿಂತಿರುಗಿಸುವ ಅವಧಿ ಮುಗಿದಿದೆ ಮೇಡಂ, ಒಡೆದ ಪರದೆಗೆ ವಾರಂಟಿ ಬರುವುದಿಲ್ಲ ಮೇಡಂ. ಹುಡುಗಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಡಬ್ಬಿ ಬಿಚ್ಚಿದ್ದೇ ಇವತ್ತು ಅಂದಳು. ಯಾಕೆ ಮೇಡಂ ಎಂದು ಆಕೆ ಕೇಳಿದಳು. ಹುಡುಗಿ ಫೋನು ಇಟ್ಟಳು. ನನ್ನ ಕಡೆ ನೋಡಲೂ ಇಲ್ಲ.

ಮರುದಿನ ವಿಜಯದಶಮಿಯ ಬನ್ನಿ. ಓಣಿಯವರು ಬಂದು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂದರು. ಸೊಸೆ ನನಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. ಅವಳ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು.

ಹಬ್ಬ ಮುಗಿದ ಮೇಲೆ ನಾನೂ ಅವಳೂ ರಾಣೆಬೆನ್ನೂರಿಗೆ ಹೋದೆವು, ಕಂಪ್ಯೂಟರ್ ರಿಪೇರಿ ಅಂಗಡಿಗೆ. ಅಂಗಡಿಯವನು ಮುಚ್ಚಳ ತೆರೆದು ಗುಂಡಿಗಳನ್ನು ಉಗುರಿನಿಂದ ಕೆರೆದು ನೋಡಿದ.

"ಪೂಜಿ ಜೋರ ಆಗೇದಲ್ರಿ ಅಮ್ಮಾರ."

"ಹೌದಪಾ."

"ಮೊದಲ ಚಾಲೂ ಮಾಡಿ ನೋಡಬೇಕು, ಆಮ್ಯಾಲ ಪೂಜಿ ಮಾಡಬೇಕು. ದೇವರು ವಾರಂಟಿ ಕಾರ್ಡ ಓದಂಗಿಲ್ರಿ."

ಅವನು ಚೇಷ್ಟೆಗೆ ಅಂದ. ಸೊಸೆ ನನಗಿಂತ ಮೊದಲು ಉತ್ತರ ಕೊಟ್ಟಳು: "ನಂದ ತಪ್ಪರಿ. ನಾನ ಬಿಚ್ಚಲಿಲ್ಲ."

ಹೊಸ ಪರದೆಗೆ ಯಂತ್ರದ ಅರ್ಧ ಬೆಲೆ ಆಗುತ್ತದೆ, ಹೊರಗಿನಿಂದ ತರಿಸಬೇಕು ಅಂದ. ಮಾರಲು ಇನ್ನೊಂದು ಬೆಂಡೋಲೆ ಇರಲಿಲ್ಲ. ನನ್ನ ಕೊರಳಲ್ಲಿ ಬಂಗಾರದ ಗುಂಡು ಇತ್ತು. ತೆಗೆಯಲು ಹೋದೆ. ಅವಳು ಕೈ ಹಿಡಿದಳು.

"ಅದು ಹುಡುಗೀ ಮದುವಿಗೆ ಅಂತ ಇಟ್ಟದ್ದು. ಬ್ಯಾಡ. ಒಂದ ಸುಗ್ಗಿ ಅಷ್ಟರಿ ಅತ್ತಿ. ಪರದೆ ಗಳಸಿದ್ನೆಂದ್ರ ಪೇಟಿಗೆ ಕೈ ಮುಗದ ಬಿಡ್ತೇನಿ."

ನಾನು ಮೊಂಡು ಹಿಡಿದು ಕೊರಳಿನದನ್ನು ತೆಗೆಯಬೇಕಾಗಿತ್ತು. ಬೇಡದ ಕಡೆ ಹಿಡಿದ ಮೊಂಡು ಬೇಕಾದ ಕಡೆ ಬರಲಿಲ್ಲ. ಮದುವೆ ಎಂಬ ಮಾತಿಗೆ ನನ್ನ ಕೈ ಕೆಳಗಿಳಿಯಿತು.

ಪಾಡ್ಯಕ್ಕೆ ಸಾಹುಕಾರರು ಪಟ್ಟಿಯ ಕೆಲಸವನ್ನು ಬೇರೊಬ್ಬರಿಗೆ ಕೊಟ್ಟರು. "ಬರೂ ವರ್ಷ ನೋಡೂನು ಬಿಡ್ರಿ," ಅಂದರು. ಅವರ ತಪ್ಪಲ್ಲ. ಸೊಸೆ ಕೋಲ್ಡ್ ಸ್ಟೋರೇಜಿನಿಂದ ತೆಗೆದ ಕಾಯಿಗೆ ಕೂತಳು, ಆಮೇಲೆ ಸುಗ್ಗಿಯ ಹೊಸ ಕಾಯಿಗೆ ಕೂತಳು. ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಸಂಜೆ ಅದನ್ನು ಬಿಚ್ಚಿ ಝಾಡಿಸಿದರೆ ಅಂಗಳದಲ್ಲಿದ್ದ ನಾನೇ ಸೀನುತ್ತಿದ್ದೆ, ಮೂವತ್ತು ವರ್ಷ ಸೀನದ ನಾನು. ಬಿಡು ಅಂದೆ. "ಇನ್ನೊಂದ ತಿಂಗಳ ಐತ್ರಿ," ಅಂದಳು. ಆ ಒಂದು ತಿಂಗಳಲ್ಲಿ ಅವಳಿಗೆ ಮಾತಾಡಲು ಉಸಿರು ಸಾಲದಾಯಿತು. ರೊಟ್ಟಿ ಬಡಿಯುತ್ತ ನಡುವೆ ನಿಂತು ಗೋಡೆ ಹಿಡಿಯುತ್ತಿದ್ದಳು.

ಹೋಳಿಹುಣ್ಣಿಮೆಯ ಮುಂಚೆ ಹಾವೇರಿಗೆ ಒಯ್ದೆವು. ಅದೇ ಡಾಕ್ಟರು. ಫೋಟೋ ನೋಡಿ ನನ್ನ ಮುಖ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು. ಹನ್ನೊಂದು ದಿನ ಅಲ್ಲಿದ್ದಳು, ಮೂಗಿಗೆ ನಳಿಗೆ ಹಚ್ಚಿಕೊಂಡು. ಹೊದಿಕೆಯ ಮೇಲೆ ಬೆರಳು ಅಲ್ಲಾಡುತ್ತಿದ್ದವು. ಚಳಿ ಇರಬೇಕು ಎಂದು ನಾನು ಕೈ ಮುಚ್ಚಿದೆ. ಮೊಮ್ಮಗಳು, "ಬಿಡ ಅಜ್ಜೀ, ಟೈಪ್ ಮಾಡಾಕತ್ತಾಳ," ಅಂದಳು. ಹನ್ನೆರಡನೇ ದಿನ ಮಧ್ಯಾಹ್ನ ಹೋದಳು. ನಲವತ್ತು ತುಂಬಿರಲಿಲ್ಲ. ಡಬ್ಬಿಯ ವಿಷಯ ಒಂದು ದಿನವೂ ನನ್ನ ಮುಂದೆ ಎತ್ತಲಿಲ್ಲ. ಎತ್ತಿ ಬಯ್ಯುವ ಸೊಸೆ ಸಿಕ್ಕಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು. ಅಂಥವಳು ಮೊದಲ ದಿನವೇ ಡಬ್ಬಿ ಬಿಚ್ಚುತ್ತಿದ್ದಳು.

ಅವಳು ಪರದೆಗೆ ಕೂಡಿಟ್ಟದ್ದು ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು. ಸಾಲುವಷ್ಟಿತ್ತು. ಮೊಮ್ಮಗಳು ಪರದೆ ಹಾಕಿಸಿಕೊಂಡು ಬಂದಳು. ಯಂತ್ರ ಚಲೋ ಇದೆ, ಒಂದು ದಿನವೂ ತ್ರಾಸು ಕೊಟ್ಟಿಲ್ಲ. ಆಮೇಲೆ ಬಂದ ಪಾಡ್ಯದಿಂದ ಅದೇ ಸಾಹುಕಾರರ ಪಟ್ಟಿಯನ್ನು ಹುಡುಗಿ ಬರೆಯುತ್ತಾಳೆ, ಕಾಲೇಜು ಮುಗಿಸಿ ಬಂದು, ಕಿಟಕಿ ಮುಚ್ಚಿಕೊಂಡು. ತಾಯಿಯಷ್ಟು ಲಗೂ ಬೆರಳು ಓಡುವುದಿಲ್ಲ ಎಂದು ಅವಳೇ ಹೇಳುತ್ತಾಳೆ.

ಈ ವರ್ಷ ಅದರ ಚಾರ್ಜರ್ ಸುಟ್ಟಿತು. ಮೊಮ್ಮಗಳು ಹೊಸದನ್ನು ಮೊಬೈಲಿನಲ್ಲೇ ತರಿಸಿದಳು. ಅದು ಬಂದದ್ದು ಪಕ್ಷದ ಅಮಾವಾಸ್ಯೆಯ ದಿನ. ನಾವು ಎಡೆಯ ಕೆಲಸದಲ್ಲಿದ್ದೆವು. ಮಗನ ಹೆಸರಿಗೆ ಪಂಚೆ, ಸೊಸೆಯ ಹೆಸರಿಗೆ ಹಸಿರು ಸೀರೆ, ಹೋಳಿಗೆ, ಬದನೆಕಾಯಿ ಪಲ್ಯ. ಸೀರೆಯ ಮೇಲೆ ಮೊಮ್ಮಗಳು ಆ ಕ್ಯಾಲೆಂಡರಿನ ಹಾಳೆಯನ್ನು ಮಡಿಸಿ ಇಟ್ಟಿದ್ದಳು. ಮಡಿಕೆಯಲ್ಲಿ ಸವೆದು ತೂತು ಬಿದ್ದಿದೆ.

ಹುಡುಗಿ ಬಾಗಿಲಲ್ಲಿ ಡಬ್ಬಿ ತೆಗೆದುಕೊಂಡು, ನನ್ನನ್ನು ಒಂದು ಮಾತೂ ಕೇಳದೆ, ಒಯ್ದು ಜಗಲಿಯ ಮೇಲೆ ಇಟ್ಟಳು.

"ಯಾಕ ಇಟ್ಟಿ?"

"ಖಂಡೇಪೂಜಿಗೆ ಬಿಚ್ಚಿದ್ರಾತು. ಅವಸರೇನಿಲ್ಲ ಅಜ್ಜೀ."

ಅವಸರವಿತ್ತು. ಎರಡು ದಿನದಿಂದ ಯಂತ್ರ ಸತ್ತು ಬಿದ್ದಿತ್ತು, ಸಾಹುಕಾರರ ಫೋನು ಬರುತ್ತಲೇ ಇತ್ತು. ಅವಳು ಹಾಗೆ ಅಂದದ್ದು ನನ್ನ ಮುಖ ನೋಡಿ. ತಾಯಿಯೂ ಹೀಗೇ ನನ್ನ ಮುಖ ನೋಡುತ್ತಿದ್ದಳು.

ನಾನು ಈಳಿಗೆಯ ಮುಂದೆ ಕೂತಿದ್ದೆ. "ತಾ ಇಲ್ಲಿ," ಅಂದೆ.

"ಅಜ್ಜೀ, ಪಕ್ಷ ಐತಿ."

"ಇವತ್ತ ಎಡಿ ಯಾರಿಗೆ?"

"ಅಪ್ಪಗ. ಅವ್ವಗ."

"ನಿಮ್ಮವ್ವ ಈಗ ಹಿರ್‍ಯಾರಾಗ ಅದಾಳ. ಆಕಿ ಬ್ಯಾಡ ಅಂತಾಳೇನು?"

ಹುಡುಗಿ ಡಬ್ಬಿ ತಂದು ಕೊಟ್ಟಳು. ಬದನೆಕಾಯಿ ಹೆಚ್ಚಿದ ಈಳಿಗೆಗೇ ಹಚ್ಚಿ ಅಂಟುಪಟ್ಟಿ ಸೀಳಿದೆ. ಅವಳು ವೈರು ಸಿಕ್ಕಿಸಿದಳು. ಸಣ್ಣ ದೀಪ ಹತ್ತಿತು, ಪರದೆಯ ಮೇಲೆ ಬೆಳಕು ಬಂತು. ಮೂಲೆ ಮೂಲೆ ನೋಡಿದೆ. ಎಲ್ಲಿಯೂ ಗೆರೆ ಇರಲಿಲ್ಲ.

"ಚಲೋ ಐತಿ," ಅಂದಳು ಹುಡುಗಿ. ಎಡೆಯ ಮುಂದೆ ಕೂತು ಪಟ್ಟಿ ಬರೆಯಲು ಶುರು ಮಾಡಿದಳು. ನಾನು ಎದ್ದು, ಆರಿ ಹೋಗಿದ್ದ ಹೋಳಿಗೆ ತೆಗೆದು, ಸೊಸೆಯ ಎಲೆಗೆ ಬಿಸಿಯದನ್ನು ಹಾಕಿದೆ.